ಹಾಡು ನಿಲ್ಲಿಸಲು ಒಪ್ಪದ ಹಿಲ್ಡೆಗಾರ್ಡ್

ಕೇಳುಗರಿಗೆ ನಮಸ್ಕಾರ. ಭಾನುವಾರದ ಪೂಜೆಯಲ್ಲಿ ಹಾಡುವ ಗಾನವೃಂದದವರು ಯಾರಾದರೂ ಈಗ ರೇಡಿಯೋ ಮುಂದೆ ಇದ್ದರೆ, ಈ ಮಾತು ಮೊದಲು ನಿಮಗೆ.

2012ರ ಅಕ್ಟೋಬರ್ 7ರಂದು ಪೋಪ್ 16ನೇ ಬೆನೆಡಿಕ್ಟ್ ಒಂದು ಪತ್ರ ಹೊರಡಿಸಿದರು. ಜರ್ಮನಿಯ ಬಿಂಗೆನ್‌ನ ಸನ್ಯಾಸಿನಿ, ಸಂತ ಹಿಲ್ಡೆಗಾರ್ಡ್ ಇಡೀ ಧರ್ಮಸಭೆಯ ಪಂಡಿತೆ, ಅಂದರೆ ಎಲ್ಲ ಕಥೋಲಿಕರಿಗೂ ನಂಬಿಕೆ ಕಲಿಸುವ ಗುರು ಎಂದು ಸಾರಿದ ಪತ್ರ ಅದು. ಈ ಗೌರವ ಸಿಕ್ಕ ಹೆಂಗಸರಲ್ಲಿ ಆಕೆ ನಾಲ್ಕನೆಯವರು. ಆಕೆ ತೀರಿಕೊಂಡದ್ದು 1179ರಲ್ಲಿ. ನೋಡಿ, ಎಂಟುನೂರು ವರ್ಷಕ್ಕೂ ಜಾಸ್ತಿ ಕಾಯಬೇಕಾಯಿತು! ತಾನು ಕಂಡ ದರ್ಶನಗಳ ಬಗ್ಗೆ, ಗಿಡಮೂಲಿಕೆ, ಕಾಯಿಲೆಗಳ ಬಗ್ಗೆ ಆಕೆ ಬರೆದಿದ್ದಾರೆ. ಅದೆಲ್ಲ ಇರಲಿ. ನಾನು ಹೇಳಬೇಕಾದ್ದು ಒಂದೇ. ಹಾಡೇ ಪ್ರಾರ್ಥನೆ ಎಂದು ಆಕೆ ಕಲಿಸಿದರು.

1178ರಲ್ಲಿ ಏನಾಯಿತು ಕೇಳಿ. ಆಕೆಗೆ ಆಗ ಎಂಬತ್ತು ವರ್ಷ. ರೈನ್ ನದಿಯ ದಡದ ರೂಪರ್ಟ್ಸ್‌ಬರ್ಗ್ ಮಠಕ್ಕೆ ಆಕೆಯೇ ಹಿರಿಯರು. ಮಠದ ಸ್ಮಶಾನದಲ್ಲಿ ಒಬ್ಬ ಮನುಷ್ಯನನ್ನು ಹೂಳಿದರು. ಅವನಿಗೆ ಹಿಂದೆ ಧರ್ಮಸಭೆಯಿಂದ ಬಹಿಷ್ಕಾರ ಹಾಕಿದ್ದರು. ಆದರೆ ಸಾಯುವ ಮೊದಲು ಅವನು ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಮತ್ತೆ ಧರ್ಮಸಭೆಗೆ ಸೇರಿದ್ದ. ಮೈಂಜ್ ನಗರದ ಚರ್ಚ್ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. ಹೆಣ ಹೊರಗೆ ತೆಗೆಯಿರಿ ಎಂದರು. ಹಿಲ್ಡೆಗಾರ್ಡ್ ತೆಗೆಯಲಿಲ್ಲ. ಗೋರಿಯ ಗುರುತೇ ಸಿಗದ ಹಾಗೆ ತಮ್ಮ ಕೋಲಿನಿಂದ ಅಳಿಸಿದರು ಅಂತಲೂ ಹೇಳುತ್ತಾರೆ.

ಶಿಕ್ಷೆ ಬಂತು. ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಪೂಜೆ ಇಲ್ಲ, ಹಾಡೂ ಇಲ್ಲ. ಬಾಗಿಲು ಮುಚ್ಚಿಕೊಂಡು ಪ್ರಾರ್ಥನೆಗಳನ್ನು ಮೆಲ್ಲನೆ ಓದಬೇಕು, ಅಷ್ಟೇ. ಹಗಲು ರಾತ್ರಿ ಹಾಡಿಕೊಂಡೇ ಬದುಕುವ ಸನ್ಯಾಸಿನಿಯರಿಗೆ ಇದು ಎಂಥ ಸಂಕಟ, ಅಲ್ವಾ? ಆಜ್ಞೆ ಪಾಲಿಸುತ್ತಲೇ ಆಕೆ ಅಧಿಕಾರಿಗಳಿಗೆ ಕಾಗದ ಬರೆದರು. ಆದಾಮನು ಪಾಪ ಮಾಡುವ ಮೊದಲು ದೇವದೂತರ ದನಿಗೆ ದನಿ ಕೂಡಿಸುತ್ತಿದ್ದ, ಆ ದನಿಯ ನೆನಪು ನಮ್ಮ ಕೀರ್ತನೆಗಳಲ್ಲಿದೆ ಎಂದರು. ಸರಿಯಾದ ಕಾರಣ ಇಲ್ಲದೆ ದೇವರ ಹಾಡನ್ನು ತಡೆದವರಿಗೆ ಸ್ವರ್ಗದ ಹಾಡಿನಲ್ಲಿ ಪಾಲಿಲ್ಲ ಎಂದೂ ಬರೆದರು! ಕೊನೆಗೆ 1179ರಲ್ಲಿ ಆ ಅಧಿಕಾರಿಗಳಿಗೂ ಮೇಲಿನವರಾದ ಮಹಾಧರ್ಮಾಧ್ಯಕ್ಷರೇ ಶಿಕ್ಷೆ ತೆಗೆದರು. ಮಠದಲ್ಲಿ ಮತ್ತೆ ಹಾಡು ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಆಕೆ ತೀರಿಕೊಂಡರು.

ಸಮಯ ಆಗುತ್ತಾ ಬಂತು. ಆಕೆಯ ಎಪ್ಪತ್ತಕ್ಕೂ ಹೆಚ್ಚು ಹಾಡುಗಳು ಉಳಿದಿವೆ. ದಯವಿಟ್ಟು ಕೇಳಿ. ಆಕೆ ಬರೆದ ಒಂದು ಸಂಗೀತ ನಾಟಕವೂ ಇದೆ. ಅದರಲ್ಲಿ ಸದ್ಗುಣಗಳೆಲ್ಲ ಹಾಡುತ್ತವೆ. ಸೈತಾನನಿಗೆ ಮಾತ್ರ ರಾಗವೇ ಇಲ್ಲ, ಬರೀ ಕೂಗಾಟ. ಹಾಡೇ ಪ್ರಾರ್ಥನೆ ಎನ್ನಲು ಇನ್ನೇನು ಬೇಕು? ಹೊತ್ತಾಯಿತು, ಎರಡು ಚರಣ ಬಿಟ್ಟುಬಿಡಿ ಎಂದು ಯಾರಾದರೂ ನಿಮ್ಮ ಗಾನವೃಂದಕ್ಕೆ ಹೇಳಿದರೆ, ಅವರಿಗೆ ಈ ಕಥೆ ಪೂರ್ತಿ ಹೇಳಿ. ನಮಸ್ಕಾರ.