4294967297: ಎರಡರ ಪರೀಕ್ಷೆಗೆ ಸಿಕ್ಕದ ಸಂಖ್ಯೆ

ಇವತ್ತು ನಾವು ನೋಡಲಿರುವುದು ಒಂದೇ ಸಂಖ್ಯೆ: 4294967297, ಅಂದರೆ 2³² + 1. ಇದೇ ಜಾತಿಯ (2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದ) 3, 5, 17, 257, 65537 ಐದೂ ಅವಿಭಾಜ್ಯಗಳು. ಇದೂ ಅವಿಭಾಜ್ಯವೇ ಇರಬೇಕೆಂದು 1640ರ ಸುಮಾರಿಗೆ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಒಡೆದರು: 641 × 6700417.

ಇದರ ವರ್ಗಮೂಲ 65536ಕ್ಕಿಂತ ಚೂರು ಹೆಚ್ಚು. ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. ಎಲ್ಲವನ್ನೂ ಭಾಗಿಸಿ ನೋಡಬೇಕಿಲ್ಲ. p ಎಂಬ ಅವಿಭಾಜ್ಯ ಇದನ್ನು ಭಾಗಿಸಿದರೆ, p ಯಿಂದ ಭಾಗಿಸಿದಾಗ 2³² ಕ್ಕೆ ಶೇಷ −1, 2⁶⁴ ಕ್ಕೆ ಶೇಷ 1. ಅಂದರೆ ಶೇಷ 1 ಮೊದಲು ಸಿಗುವುದು 64ನೇ ಘಾತಕ್ಕೆ. 2ರ (p − 1)ನೇ ಘಾತಕ್ಕೂ ಶೇಷ 1 ಬರುವುದರಿಂದ p − 1 ಅನ್ನು 64 ಭಾಗಿಸಲೇಬೇಕು. ಇನ್ನೂ ಸೂಕ್ಷ್ಮವಾಗಿ ನೋಡಿದರೆ 128 ಭಾಗಿಸಬೇಕು. ಈಗ ಪರೀಕ್ಷಿಸಬೇಕಾದದ್ದು 129, 257, 385, 513, 641... ಇವುಗಳಲ್ಲಿ 129, 385, 513 ಅವಿಭಾಜ್ಯಗಳಲ್ಲ. ಮೇಲಿನ ಐದು ಅವಿಭಾಜ್ಯಗಳ ಗುಣಲಬ್ಧ 4294967295. ನಮ್ಮ ಸಂಖ್ಯೆಗೂ ಅದಕ್ಕೂ ಅಂತರ 2. 257 ಎರಡನ್ನೂ ಭಾಗಿಸಿದರೆ ಈ 2ನ್ನೂ ಭಾಗಿಸಬೇಕಾಗುತ್ತದೆ; ಹಾಗಾಗಿ 257ಕ್ಕೂ ಇಲ್ಲಿ ಜಾಗವಿಲ್ಲ. ಉಳಿದವುಗಳಲ್ಲಿ ಮೊದಲನೆಯದೇ 641.

ಭಾಗಾಕಾರ ಮಾಡದೆಯೂ ಇದನ್ನು ಸಾಧಿಸಬಹುದು. 641 = 5 × 2⁷ + 1; ಹಾಗೆಯೇ 641 = 5⁴ + 2⁴. ಮೊದಲನೆಯದರಿಂದ, 641ರಿಂದ ಭಾಗಿಸಿದಾಗ 5 × 2⁷ ರ ಶೇಷ −1. ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ ರ ಶೇಷ 1. ಎರಡನೆಯದರ ಪ್ರಕಾರ 5⁴ ರ ಜಾಗದಲ್ಲಿ −2⁴ ಇಡಿ: −2³² ರ ಶೇಷ 1. ಅಲ್ಲಿಗೆ 2³² + 1 ನಿಶ್ಶೇಷ. ಇಷ್ಟು ಚಿಕ್ಕದಾಗಿ, ಇಷ್ಟು ಪೂರ್ತಿಯಾಗಿ ಮುಗಿಯುವ ಸಾಧನೆಗಳು ಅಪರೂಪ.

6700417 ಅವಿಭಾಜ್ಯವೆಂದು ತೋರಿಸುವುದೂ ಸುಲಭ. 2588ರವರೆಗೆ ನೋಡಿದರೆ ಸಾಕು. ಅದೇ ಜರಡಿಯಲ್ಲಿ ಉಳಿಯುವುದು 641, 769, 1153, 1409 ಮಾತ್ರ. ಶೇಷಗಳು ಕ್ರಮವಾಗಿ 44, 120, 334, 622.

ಎರಡು ವರ್ಗಗಳ ಮೊತ್ತವಾಗಿಯೂ ಈ ಸಂಖ್ಯೆಯನ್ನು ಬರೆಯಬಹುದು, ಎರಡೇ ಬಗೆಯಲ್ಲಿ: 65536² + 1² ಮತ್ತು 62264² + 20449². ಅವಿಭಾಜ್ಯವಾಗಿದ್ದರೆ ಒಂದೇ ಬಗೆ ಇರುತ್ತಿತ್ತು.

ಎಚ್ಚರ ಬೇಕಾದದ್ದು ಅವಿಭಾಜ್ಯತೆಯ ಪರೀಕ್ಷೆಯಲ್ಲಿ. N ಬೆಸ ಅವಿಭಾಜ್ಯವಾದರೆ, N ನಿಂದ ಭಾಗಿಸಿದಾಗ 2ರ (N − 1)ನೇ ಘಾತಕ್ಕೆ ಶೇಷ 1 ಬರಬೇಕು. ಇಲ್ಲಿ N − 1 ಅಂದರೆ 2³², ಅದು 64ರ ಗುಣಕ. 2⁶⁴ ರ ಶೇಷ ಮೊದಲೇ 1. ಆದ್ದರಿಂದ ಸಂಖ್ಯೆ ಸಲೀಸಾಗಿ ಪಾಸಾಗುತ್ತದೆ. ಇನ್ನೂ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆಯೂ ಆಧಾರ (ಘಾತಕ್ಕೇರಿಸುವ ಸಂಖ್ಯೆ) 2 ಆದರೆ ಇದನ್ನು ಹಿಡಿಯುವುದಿಲ್ಲ. ಆಧಾರವನ್ನು 3 ಮಾಡಿ: ಅದೇ ಘಾತಕ್ಕೆ ಶೇಷ 3029026160. ಗುಟ್ಟು ರಟ್ಟಾಯಿತು.

ಮೇಲಿನ ಮೊದಲ ಪರೀಕ್ಷೆಯನ್ನು ಪ್ರೋಗ್ರಾಂ ಮಾಡುವವರಿಗೆ ಒಂದು ಮಾತು. ಈ ಸಂಖ್ಯೆಗೆ 33 ಬಿಟ್ ಬೇಕು. 32 ಬಿಟ್‌ನ ಚರಾಕ್ಷರದಲ್ಲಿಟ್ಟರೆ ಉಳಿಯುವುದು ಬರೀ 1. 64 ಬಿಟ್‌ನಲ್ಲಿ, ಚಿಹ್ನೆಯಿಲ್ಲದ ಬಗೆಯಾದರೂ, ಆಧಾರ 2ರಿಂದ ವರ್ಗಿಸುತ್ತ ಹೋದಾಗ 2, 4, 16, 256, 65536, 2³² ಬರುತ್ತವೆ. ಮುಂದಿನ ವರ್ಗ 2⁶⁴ ಅದರಲ್ಲಿ ಹಿಡಿಸದೆ ಸೊನ್ನೆಯಾಗುತ್ತದೆ. ಆಗ ಪ್ರೋಗ್ರಾಂ ‘ಅವಿಭಾಜ್ಯವಲ್ಲ’ ಎನ್ನುತ್ತದೆ: ಉತ್ತರ ಸರಿ, ಲೆಕ್ಕ ತಪ್ಪು. ಗುಣಾಕಾರಕ್ಕೆ 128 ಬಿಟ್ ಬಳಸಿ.