ಮೀನಿನ ತೊಟ್ಟಿ ತೊಳೆಯಬೇಡಿ

ನಮಸ್ಕಾರ. ಮುಂಬಯಿಯ ಕನ್ನಡ ಕೇಳುಗರಲ್ಲಿ ಗಪ್ಪಿ, ಮೋಲಿ, ಪ್ಲಾಟಿ ಸಾಕುವವರಿಗೆ ಇವತ್ತಿನ ನನ್ನ ಮಾತು. ಇವು ಮೊಟ್ಟೆ ಇಡುವ ಮೀನುಗಳಲ್ಲ, ನೇರವಾಗಿ ಮರಿ ಹಾಕುತ್ತವೆ. ಕ್ರಾಫರ್ಡ್ ಮಾರ್ಕೆಟ್‌ಗೆ ಹೋದ ಮಕ್ಕಳು ಹಟ ಹಿಡಿದು ಪ್ಲಾಸ್ಟಿಕ್ ಚೀಲದಲ್ಲಿ ತರುವುದು ಸಾಮಾನ್ಯವಾಗಿ ಇವನ್ನೇ. ಸಾಕುವುದೂ ಸುಲಭ. ನಮ್ಮ ಮುಂಬಯಿಯ ಸೆಕೆ ಇವಕ್ಕೆ ಹಿತ, ಹೀಟರ್ ಕೂಡ ಬೇಡ. ಆದರೆ ಒಂದು ವಿಷಯದಲ್ಲಿ ನಮ್ಮವರು ಮಾತು ಕೇಳುವುದೇ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೊಟ್ಟಿಯ ನೀರನ್ನು ಪೂರ್ತಿ ಬದಲಿಸಬೇಡಿ.

ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಸರ್, ನೀರು ದಿನಾ ಬದಲಿಸ್ತೀವಿ, ಆದ್ರೂ ಮೀನು ಸಾಯ್ತಿದೆ." ಆದ್ರೂ ಅಲ್ಲಮ್ಮ, ಅದಕ್ಕೇ ಸಾಯುತ್ತಿರುವುದು!

ಯಾಕೆ ಹೇಳುತ್ತೇನೆ, ಕೇಳಿ. ಮೀನಿನ ಹೊಲಸು ಮತ್ತು ತಿಂದು ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಈ ವಿಷವನ್ನು ಕರಗಿಸಲು ತೊಟ್ಟಿಯಲ್ಲೇ ಕೆಲವು ಜಾತಿಯ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಇವು ನೀರಿಗಿಂತ ಜಾಸ್ತಿ ಫಿಲ್ಟರಿನ ಸ್ಪಾಂಜಿನಲ್ಲಿ, ಕೆಳಗಿನ ಕಲ್ಲಿನಲ್ಲಿ ಇರುತ್ತವೆ. ಸರಿಯಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಅಷ್ಟೂ ಹೋಯಿತು.

ಮುಲುಂಡಿನಲ್ಲಿ ಕುಂದಾಪುರ ಕಡೆಯ ಒಂದು ಮನೆ ಇದೆ. ಮೊಮ್ಮಗ ಚೆನ್ನಾಗಿ ಗಪ್ಪಿ ಸಾಕಿದ್ದ. ಚೌತಿ ಹಬ್ಬ ಬಂತು, ಮನೆಯೆಲ್ಲ ತೊಳೆಯುವ ಕೆಲಸ ಶುರುವಾಯಿತು. ಹುಡುಗ ಶಾಲೆಗೆ ಹೋದ ಹೊತ್ತಿನಲ್ಲಿ ಅಜ್ಜಿ ತೊಟ್ಟಿಯನ್ನೂ ಬಿಡಲಿಲ್ಲ. ಕಲ್ಲನ್ನೆಲ್ಲ ಬಕೆಟ್ಟಿಗೆ ಹಾಕಿ ತಿಕ್ಕಿದರು. ಸ್ಪಾಂಜ್ ಹಿಂಡಿ ಬಾಲ್ಕನಿಯ ಬಿಸಿಲಿಗೆ ಒಣಹಾಕಿದರು. ನಲ್ಲಿ ನೀರು ತುಂಬಿ ಮೀನುಗಳನ್ನು ಬಿಟ್ಟರು. ತೊಟ್ಟಿ ಫಳಫಳ! ಮಧ್ಯಾಹ್ನದ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಹುಡುಗ ಅಳುತ್ತಾ ಫೋನ್ ಮಾಡಿದ. ನಾನು ನನ್ನ ತೊಟ್ಟಿಯ ಹಳೇ ಸ್ಪಾಂಜನ್ನು ಒದ್ದೆಯಾಗಿಯೇ ಕವರಿನಲ್ಲಿ ಹಾಕಿಕೊಂಡು ಲೋಕಲ್ ಹತ್ತಿದೆ. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರು, ಇರಲಿ. ಹೋದವನೇ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿದೆ. ಗಾಳಿ ಪಂಪ್ ಜೋರು ಮಾಡಿದೆ. ಆಮೇಲೆ ಸ್ಪಾಂಜನ್ನು ತೊಟ್ಟಿಯೊಳಗೇ ಹಿಂಡಿದೆ. ಫಳಫಳ ನೀರು ಕಂದು ಬಣ್ಣಕ್ಕೆ ತಿರುಗಿತು. ಅಜ್ಜಿಗೆ ಎಲ್ಲಿಲ್ಲದ ಕೋಪ. "ಎಂತ ಮಾರಾಯ್ರೆ, ನಾಳೆ ನೆಂಟರು ಬರ್ತಾರೆ, ಈಗ ತಾನೇ ತೊಳೆದಿದ್ದೆ!" ನಾನು ಕೇಳಿದೆ, "ಅಮ್ಮ, ನೀವು ಮೊಸರಿನ ಪಾತ್ರೆ ತೊಳೆಯುವ ಮುಂಚೆ ಹೆಪ್ಪಿಗೆ ಒಂದು ಚಮಚ ತೆಗೆದಿಡ್ತೀರಿ ಅಲ್ವಾ? ಇದೂ ಹೆಪ್ಪೇ." ಅಜ್ಜಿ ಆಮೇಲೆ ಮಾತಾಡಲಿಲ್ಲ. ಕಾಫಿ ಮಾತ್ರ ಕೊಟ್ಟರು.

ಸುಮಾರು ಅರ್ಧ ಮೀನು ಉಳಿದವು. ಹೊಟ್ಟೆ ದಪ್ಪಗಿದ್ದ ಒಂದು ಹೆಣ್ಣು ಹಬ್ಬದ ದಿನವೇ ಮರಿ ಹಾಕಿತು. ನೆಂಟರೆಲ್ಲ ಗಣಪತಿಗೆ ಕೈಮುಗಿದು ತೊಟ್ಟಿ ಮುಂದೆ ಬಂದು ನಿಂತರಂತೆ. ಈಗ ಆ ಮನೆಯಲ್ಲಿ ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ತೆಗೆಯುತ್ತಾರೆ. ತೆಗೆದ ನೀರು ಅಜ್ಜಿಯ ತುಳಸಿಗೆ ಹೋಗುತ್ತದೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ತುಳಸಿ ಸೊಂಪಾಗಿದೆ ಎಂದು ಅಜ್ಜಿಯೇ ಹೇಳುತ್ತಾರೆ.

ಕಾಲು ಭಾಗ. ಬರೆದುಕೊಳ್ಳಿ. ಹೊಸ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ತೆರೆದಿಡಿ, ಇಲ್ಲವೇ ಆಂಟಿ ಕ್ಲೋರಿನ್ ಹಾಕಿ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ಹಿಂಡಿ, ನಲ್ಲಿ ಕೆಳಗೆ ಅಲ್ಲ. ಸೋಪು ಅಂತೂ ದಮ್ಮಯ್ಯ, ಬೇಡವೇ ಬೇಡ.

ಗಡಿಯಾರ ನನ್ನನ್ನೇ ನೋಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಭಾತ್ಸಾ, ತಾನ್ಸಾ, ವೈತರಣಾ ಕಡೆಯಿಂದ ಬರುವ ನಮ್ಮ ನೀರು ಮೆದು ನೀರು, ಅಂದರೆ ಸುಣ್ಣದಂಥ ಲವಣ ಕಡಿಮೆ. ಮೋಲಿಗೆ ಗಡಸು ನೀರು ಬೇಕು. ಫಿಲ್ಟರಿನಲ್ಲಿ ಸ್ವಲ್ಪ ಚಿಪ್ಪಿನ ಚೂರು ಇಡಿ, ನೀರು ಗಡಸಾಗುತ್ತದೆ. ದುಂಡಗಿನ ಗಾಜಿನ ಬೌಲ್ ತರಬೇಡಿ, ಅದು ಮೇಜಿನ ಅಲಂಕಾರಕ್ಕೆ. ಊಟ ದಿನಕ್ಕೆ ಎರಡು ಸಲ, ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ, ಇಲ್ಲದಿದ್ದರೆ ಗಂಡುಗಳು ಹೆಣ್ಣನ್ನು ಅಟ್ಟಿಸಿ ಅಟ್ಟಿಸಿ ಸುಸ್ತು ಮಾಡುತ್ತವೆ.

ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಸೇರಿದ ಹೆಣ್ಣು ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರಬಲ್ಲದು. ಹಾಗಾಗಿ "ಒಂದೇ ಹೆಣ್ಣು ತಂದಿದ್ದೆ, ಮರಿ ಎಲ್ಲಿಂದ ಬಂತು ಸರ್" ಎಂದು ಯಾರೂ ಫೋನ್ ಮಾಡಬೇಡಿ. ತಾಯಿಯೇ ಮರಿಗಳನ್ನು ತಿಂದುಬಿಡುತ್ತದೆ. ಬಚ್ಚಿಟ್ಟುಕೊಳ್ಳಲು ಜಾವಾ ಮಾಸ್ ಥರದ ಹಸಿರು ದಟ್ಟವಾಗಿರಲಿ. ಮರಿ ಜಾಸ್ತಿಯಾದವೆಂದು ಪವಾಯಿ ಕೆರೆಗೆ ಮಾತ್ರ ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕದ ಮೀನು, ಇಲ್ಲಿಯ ಮೀನುಗಳಿಗೆ ಅದು ಕಾಟ. ಪಕ್ಕದ ಮನೆಯವರಿಗೆ ಕೊಡಿ. ಕೊಡುವಾಗ ನಿಮ್ಮ ಹಳೇ ಸ್ಪಾಂಜಿನ ಒಂದು ತುಂಡನ್ನೂ ಕೊಡಿ, ಒದ್ದೆಯಾಗಿಯೇ. ನಮಸ್ಕಾರ.