ಸಾಲು ಬೇರೆ, ಪುಟ ಒಂದೇ: ಬಫರ್ ಬ್ಯುಸಿ ವೇಟ್ ಹುಡುಕುವ ಬಗೆ

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಗಂಜ್‌ಗೆ ತೊಗರಿ ಬರುವ ದಿನಗಳನ್ನು ನೀವೆಲ್ಲ ನೋಡಿದ್ದೀರಿ. ಅಂಥ ಒಂದು ಹಂಗಾಮಿನಲ್ಲಿ ಒಂದು ಗೋದಾಮಿನವರು ನನ್ನನ್ನು ಕರೆಸಿದರು. ಆವಕದ ನೋಂದಣಿ ಒರಾಕಲ್ ಡೇಟಾಬೇಸ್‌ನಲ್ಲಿತ್ತು. ಒಂದೇ ಕೌಂಟರ್ ತೆರೆದಿದ್ದರೆ ಕೆಲಸ ಸಲೀಸು. ಎಲ್ಲ ಕೌಂಟರ್ ತೆರೆದರೆ ಎಲ್ಲವೂ ನಿಧಾನ. ಹೊರಗೆ ಟ್ರ್ಯಾಕ್ಟರ್‌ಗಳ ಸಾಲು, ರಾತ್ರಿಯೇ ಊರು ಬಿಟ್ಟು ಬಂದ ರೈತರು. ಅಲ್ಲಿನವರು ಆಗಲೇ ಸರ್ವರ್‌ಗೆ ಮೆಮೊರಿ ಹಾಕಿಸಿದ್ದರು. ಏನೂ ಬದಲಾಗಿರಲಿಲ್ಲ.

ಬದಲಾಗುವುದಾದರೂ ಹೇಗೆ? ಡೇಟಾಬೇಸ್ ಒಂದೊಂದೇ ಸಾಲನ್ನು ಮೆಮೊರಿಗೆ ತರುವುದಿಲ್ಲ. ಇಡೀ ಬ್ಲಾಕ್ ತರುತ್ತದೆ. ಮೆಮೊರಿಯಲ್ಲಿ ಅದು ಕೂರುವ ಜಾಗವೇ ಬಫರ್. ಒರಾಕಲ್‌ನಲ್ಲಿ ಸಾಮಾನ್ಯವಾಗಿ ಅದು 8 ಕೆಬಿ. ಅಡತ್ ಅಂಗಡಿಯ ಖಾತೆ ಪುಸ್ತಕದ ಒಂದು ಪುಟ ಅಂದುಕೊಳ್ಳಿ. ಇಬ್ಬರು ಗುಮಾಸ್ತರು ಬೇರೆ ಬೇರೆ ಸಾಲು ಬರೆಯಬೇಕು, ಆದರೆ ಪುಟ ಒಂದೇ. ಒಬ್ಬನ ಪೆನ್ನು ಪುಟದ ಮೇಲಿದ್ದಾಗ ಇನ್ನೊಬ್ಬ ಕಾಯಲೇಬೇಕು ಅಲ್ವಾ? ಆ ಕಾಯುವಿಕೆಯೇ ಬಫರ್ ಬ್ಯುಸಿ ವೇಟ್. ಕಪಾಟು ದೊಡ್ಡದು ಮಾಡಿದರೆ ಆ ಒಂದು ಪುಟ ಎರಡಾಗುವುದಿಲ್ಲ.

ಇದನ್ನು ರೋ ಲಾಕ್, ಅಂದರೆ ಒಂದು ಸಾಲಿಗೆ ಬೀಳುವ ಬೀಗದ ಜೊತೆ ಬೆರೆಸಬೇಡಿ. ಇಬ್ಬರೂ ಅದೇ ಸಾಲನ್ನು ತಿದ್ದಲು ಹೊರಟರೆ ಮೊದಲಿನವನು ಕಮಿಟ್ ಮಾಡುವವರೆಗೆ, ಅಂದರೆ ತಿದ್ದಿದ್ದನ್ನು ಖಾಯಂ ಮಾಡುವವರೆಗೆ, ಎರಡನೆಯವನು ಕಾಯುತ್ತಾನೆ. ಅದು ಬೇರೆ ಹೆಸರಲ್ಲಿ ಕಾಣುತ್ತದೆ, ಮದ್ದೂ ಬೇರೆ. ಇನ್ನೊಂದು, ಬೇರೆ ಸೆಷನ್ (ಡೇಟಾಬೇಸ್‌ಗೆ ಇನ್ನೊಬ್ಬರ ಸಂಪರ್ಕ) ಡಿಸ್ಕ್‌ನಿಂದ ಬ್ಲಾಕ್ ಓದಿ ತರುತ್ತಿದ್ದಾಗ ನಾವು ಕಾಯುವುದು. ಮೊದಲು ಇದೂ ಬಫರ್ ಬ್ಯುಸಿ ಲೆಕ್ಕದಲ್ಲೇ ಸೇರುತ್ತಿತ್ತು. 10ಜಿ ಆವೃತ್ತಿಯಿಂದ 'ರೀಡ್ ಬೈ ಅದರ್ ಸೆಷನ್' ಎಂದು ಬೇರೆ ಮಾಡಿದರು. ಇದು ಕಂಡರೆ ಟೇಬಲ್ ಪೂರ್ತಿ ಓದುವ ಕ್ವೆರಿಯನ್ನೋ ನಿಧಾನದ ಡಿಸ್ಕನ್ನೋ ನೋಡಬೇಕು.

ಹಾಗಾದರೆ ಹುಡುಕುವುದು ಹೇಗೆ? ನಾನು ಮೊದಲು ಕೇಳುವುದು ಒಂದೇ: ಯಾವ ಬ್ಲಾಕ್? ಸದ್ಯದ ಸೆಷನ್‌ಗಳನ್ನು ತೋರಿಸುವ ವಿ ಡಾಲರ್ ಸೆಷನ್ (V$SESSION) ತೆರೆದರೆ ಕಾಯುತ್ತಿರುವ ಸೆಷನ್ ಪಕ್ಕದಲ್ಲಿ ಪಿ1, ಪಿ2, ಪಿ3 ಇರುತ್ತವೆ. ಪಿ1 ಫೈಲ್ ಸಂಖ್ಯೆ, ಪಿ2 ಬ್ಲಾಕ್ ಸಂಖ್ಯೆ, ಪಿ3 ಬ್ಲಾಕ್‌ನ ಬಗೆ. ಫೈಲ್ ಮತ್ತು ಬ್ಲಾಕ್ ಸಂಖ್ಯೆ ಹಿಡಿದು ಡಿಬಿಎ ಎಕ್ಸ್‌ಟೆಂಟ್ಸ್‌ನಲ್ಲಿ ನೋಡಿದರೆ ಅದು ಯಾವ ಟೇಬಲ್ ಅಥವಾ ಇಂಡೆಕ್ಸ್‌ಗೆ (ಸಾಲು ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಸೂಚಿ) ಸೇರಿದ್ದು ಎಂದು ಸಿಗುತ್ತದೆ. ಈ ವೇಟ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಒಂದು ಸಲ ನೋಡಿ ಏನೂ ಇಲ್ಲ ಎಂದು ಸುಮ್ನೆ ಎದ್ದು ಹೋಗಬೇಡಿ. ವಿ ಡಾಲರ್ ಸೆಗ್‌ಮೆಂಟ್ ಸ್ಟಾಟಿಸ್ಟಿಕ್ಸ್‌ನಲ್ಲಿ ಡೇಟಾಬೇಸ್ ಶುರುವಾದಾಗಿನಿಂದ ಪ್ರತಿ ಟೇಬಲ್, ಇಂಡೆಕ್ಸ್‌ನ ವೇಟ್ ಎಣಿಕೆ ಕೂಡುತ್ತಾ ಬರುತ್ತದೆ. ರಶ್ ಇದ್ದಾಗ ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಬರೆದುಕೊಳ್ಳಿ, ಕಳೆಯಿರಿ. ಯಾವುದು ಜಾಸ್ತಿ ಏರಿತೋ ಅದನ್ನು ಹಿಡಿಯಿರಿ.

ಬ್ಲಾಕ್‌ನ ಬಗೆ ಸೆಗ್‌ಮೆಂಟ್ ಹೆಡರ್ (ಟೇಬಲ್ ಅಥವಾ ಇಂಡೆಕ್ಸ್‌ನ ಜಾಗದ ಲೆಕ್ಕ ಇಡುವ ಬ್ಲಾಕ್) ಎಂದು ಬಂದರೆ ಖಾಲಿ ಬ್ಲಾಕ್‌ಗಳ ಪಟ್ಟಿ ಇಡುವ ಹಳೆಯ ಫ್ರೀಲಿಸ್ಟ್ ಪದ್ಧತಿ ಇದೆಯಾ ನೋಡಿ, ಖಾಲಿ ಜಾಗವನ್ನು ಡೇಟಾಬೇಸ್ ತಾನೇ ನೋಡಿಕೊಳ್ಳುವ ಆಟೊಮ್ಯಾಟಿಕ್ ಸೆಗ್‌ಮೆಂಟ್ ಸ್ಪೇಸ್ ಮ್ಯಾನೇಜ್‌ಮೆಂಟ್‌ಗೆ ಬದಲಾಯಿಸಿ. ಅನ್‌ಡೂ ಹೆಡರ್ ಎಂದು ಬಂದರೆ, ಬದಲಾವಣೆ ಹಿಂತೆಗೆಯಲು ಹಳೆಯ ಮಾಹಿತಿ ಇಡುವ ಅನ್‌ಡೂ ವ್ಯವಸ್ಥೆ ನೋಡಿ. ಹೆಚ್ಚಾಗಿ ಬರುವುದು ಡೇಟಾ ಬ್ಲಾಕ್. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಡೇಟಾ ಎಂದ ಕೂಡಲೇ ಟೇಬಲ್ ಎಂದುಕೊಳ್ಳುತ್ತೇವೆ. ಇಂಡೆಕ್ಸ್‌ನ ಬ್ಲಾಕ್ ಕೂಡ ಅದೇ ಬಗೆಯಲ್ಲಿ ಬರುತ್ತದೆ.

ಗೋದಾಮಿನಲ್ಲಿ ಆಗಿದ್ದೂ ಅದೇ. ಆವಕ ಸಂಖ್ಯೆ, ಒಂದಾದ ಮೇಲೊಂದು ಸಂಖ್ಯೆ ಕೊಡುವ ಸೀಕ್ವೆನ್ಸ್‌ನಿಂದ ಬರುತ್ತಿತ್ತು: 5001, 5002, 5003. ಇಂಡೆಕ್ಸ್‌ನಲ್ಲಿ ಇವೆಲ್ಲ ಬಲತುದಿಯ ಒಂದೇ ಬ್ಲಾಕ್‌ಗೆ ಬಂದು ಬೀಳುತ್ತವೆ. ಟೇಬಲ್‌ನಲ್ಲಿ ಸಾಲುಗಳು ಹರಡಿಕೊಂಡಿದ್ದರೂ ಇಂಡೆಕ್ಸ್‌ನ ಆ ಕೊನೆಯ ಪುಟಕ್ಕೆ ಎಲ್ಲ ಕೌಂಟರ್‌ಗಳೂ ಮುತ್ತಿದ್ದವು.

ಇಂಡೆಕ್ಸನ್ನು ಹ್ಯಾಶ್ ಪಾರ್ಟಿಷನ್ ಮಾಡಬಹುದಿತ್ತು, ಅಂದರೆ ಹಲವು ಭಾಗಗಳಾಗಿ ಹಂಚಬಹುದಿತ್ತು. ಆದರೆ ಅದಕ್ಕೆ ಎಂಟರ್‌ಪ್ರೈಸ್ ಆವೃತ್ತಿ ಬೇಕು, ಮೇಲೆ ಬೇರೆ ಲೈಸೆನ್ಸ್. ಅಷ್ಟು ಹಣ ಅವರಲ್ಲಿರಲಿಲ್ಲ. ಹಾಗಾಗಿ ರಿವರ್ಸ್ ಕೀ ಇಂಡೆಕ್ಸ್ ಮಾಡಿದೆವು. ಕೀಯ ಬೈಟ್‌ಗಳು ತಿರುಗಿ ಕೂರುವುದರಿಂದ ಪಕ್ಕಪಕ್ಕದ ಸಂಖ್ಯೆಗಳು ಬೇರೆ ಬೇರೆ ಬ್ಲಾಕ್‌ಗೆ ಹೋದವು. ಕೌಂಟರ್‌ಗಳು ಓಡತೊಡಗಿದವು.

ಸಂಜೆ ಲೆಕ್ಕದವರು ಬಂದರು. ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆವರೆಗಿನ ಪಟ್ಟಿ ತೆಗೆದರೆ ಬರುತ್ತಲೇ ಇಲ್ಲ ಎಂದರು. ಅವರು ಹೇಳಿದ್ದು ಸರಿ. ರಿವರ್ಸ್ ಕೀಯಲ್ಲಿ ರೇಂಜ್ ಸ್ಕ್ಯಾನ್, ಅಂದರೆ ಪಕ್ಕಪಕ್ಕದ ಸಂಖ್ಯೆಗಳನ್ನು ಸಾಲಾಗಿ ಓದುವುದು, ಆಗುವುದಿಲ್ಲ. ಆವಕದ ಸಮಯದ ಮೇಲೆ ಒಂದು ಇಂಡೆಕ್ಸ್ ಹಾಕಿಬಿಡೋಣ ಎಂದು ಒಬ್ಬ ಹುಡುಗ ಹೇಳಿದ. ಸಮಯವೂ ಏರುತ್ತಲೇ ಹೋಗುತ್ತದೆ, ಅದೂ ಬಲತುದಿಯಲ್ಲೇ ಬೆಳೆಯುತ್ತದೆ ಎಂದೆ. ಕೊನೆಗೆ ಆ ಪಟ್ಟಿಯನ್ನು ರಾತ್ರಿ ಕೌಂಟರ್ ಮುಚ್ಚಿದ ಮೇಲೆ ತೆಗೆಯಲು ಅವರೇ ಒಪ್ಪಿದರು. ಮರುದಿನ ಬೆಳಿಗ್ಗೆ ರಶ್ ಏರುವ ಹೊತ್ತಿಗೆ ಆ ಹುಡುಗನೇ ಕುಳಿತು ಎರಡು ಸಲ ಎಣಿಕೆ ಬರೆದು ಕಳೆದ. ಆವಕ ಸಂಖ್ಯೆಯ ಇಂಡೆಕ್ಸ್‌ನ ಹೆಸರು ವೇಟ್‌ಗಳ ಪಟ್ಟಿಯ ಮೇಲ್ಭಾಗದಲ್ಲಿ ಇರಲಿಲ್ಲ.